ವೇಷದ ಮೇಲಣ ಹಗೆ, ಹುಟ್ಟಿನ ಮೇಲಣ ಹಗೆ

೧

ಇಂಗ್ಲೆಂಡಿನ ಲ್ಯಾಂಕಷೈರ್ ಪ್ರಾಂತದಲ್ಲಿ ಬೇಕಪ್ ಎಂಬುದೊಂದು ಸಣ್ಣ ಪಟ್ಟಣ. ೨೦೦೭ನೆಯ ಇಸವಿ ಆಗಸ್ಟ್ ೧೧ರ ನಸುಕಿನಲ್ಲಿ ಅಲ್ಲಿಯ ಉದ್ಯಾನವೊಂದರಲ್ಲಿ ಸೋಫಿ ಲ್ಯಾಂಕಾಸ್ಟರ್ ಎಂಬ ಇಪ್ಪತ್ತು ವರ್ಷದ ತರುಣಿಯನ್ನೂ ಅವಳ ಸಂಗಾತಿಯನ್ನೂ ಹದಿಹರೆಯದ ಹುಡುಗರ ಗುಂಪೊಂದು ಒದ್ದು ತುಳಿಯಿತು. ತರುಣ ಬದುಕಿ ಉಳಿದ. ಸೋಫಿ ಪ್ರಜ್ಞೆಗೆ ಮರಳದೆ ಹದಿಮೂರು ದಿನಗಳ ತರುವಾಯ ತೀರಿಕೊಂಡಳು. ಹೊಡೆದವರಿಗೂ ಹೊಡೆಸಿಕೊಂಡವರಿಗೂ ಹಳೆಯ ವೈರವಿರಲಿಲ್ಲ. ಆ ಇಬ್ಬರೂ ‘ಗಾಥ್’ ಎಂದು ಕರೆಯಿಸಿಕೊಳ್ಳುವ ಯುವಪಂಥಕ್ಕೆ ಸೇರಿದವರು. ಕಪ್ಪು ಉಡುಪು, ಬಣ್ಣವಿಟ್ಟ ಕೂದಲು, ತುಟಿಗೂ ಹುಬ್ಬಿಗೂ ಚುಚ್ಚಿಸಿಕೊಂಡ ಲೋಹದ ಉಂಗುರ, ತಮ್ಮದೇ ಆದ ಸಂಗೀತ, ಇವು ಆ ಪಂಥದ ಲಕ್ಷಣಗಳು. ಎಲ್ಲರಂತೆ ಕಾಣದಿದ್ದುದೇ ಅವರ ಅಪರಾಧವಾಯಿತು.

ಇದಕ್ಕೆ ಹದಿನಾಲ್ಕು ವರ್ಷ ಹಿಂದೆ, ೧೯೯೩ರ ಏಪ್ರಿಲ್ ೨೨ರ ರಾತ್ರಿ, ಲಂಡನ್ನಿನ ಎಲ್ಥಮ್ ಭಾಗದಲ್ಲಿ ಬಸ್ಸಿಗಾಗಿ ಕಾಯುತ್ತಿದ್ದ ಸ್ಟೀಫನ್ ಲಾರೆನ್ಸ್ ಎಂಬ ಹದಿನೆಂಟು ವರ್ಷದ ವಿದ್ಯಾರ್ಥಿ ಬಿಳಿಯ ತರುಣರ ಇರಿತಕ್ಕೆ ಬಲಿಯಾದ. ಅವನಿಗೂ ಅವರಿಗೂ ಪರಿಚಯವಿರಲಿಲ್ಲ. ಅವನ ಮೈಬಣ್ಣ ಕಪ್ಪಾಗಿದ್ದಿತು. ಕೊಲ್ಲಲು ಅವರಿಗೆ ಬೇರೆ ಕಾರಣ ಬೇಕಾಗಲಿಲ್ಲ.

ಈ ಎರಡು ಸಾವುಗಳನ್ನು ಎದುರುಬದುರಾಗಿ ಇಟ್ಟು ನೋಡಿದಾಗ ಒಂದು ಪ್ರಶ್ನೆ ತಾನಾಗಿಯೇ ಏಳುತ್ತದೆ. ತಾವಾಗಿಯೇ ಒಪ್ಪಿಕೊಂಡ ವೇಷಕ್ಕಾಗಿ ಹಗೆಗೆ ಗುರಿಯಾದವರ ಸಂಕಟವೂ, ಹುಟ್ಟಿನೊಡನೆ ಬಂದ ಬಣ್ಣ, ಜಾತಿ, ಭಾಷೆ, ಮತಗಳಿಗಾಗಿ ಹಗೆಗೆ ಗುರಿಯಾದವರ ಸಂಕಟವೂ ಒಂದೆಯೇ? ಒಂದೇ ಎನ್ನುವವರಿದ್ದಾರೆ. ಹಾಗೆ ಹೋಲಿಸುವುದೇ ಅಲ್ಪಸಂಖ್ಯಾತರ ನೋವನ್ನು ಹಗುರಗೊಳಿಸಿದಂತೆ ಎನ್ನುವವರೂ ಇದ್ದಾರೆ. ಎರಡು ಪಕ್ಷಗಳಲ್ಲಿಯೂ ಸತ್ಯದ ಒಂದೊಂದು ಅಂಶ ಅಡಗಿದೆ. ಅವುಗಳನ್ನು ಬಿಡಿಸಿ ನೋಡಬೇಕಾಗಿದೆ. ಪರಪ್ರಾಂತಗಳಲ್ಲಿ ಭಾಷಾ ಅಲ್ಪಸಂಖ್ಯಾತರಾಗಿ ಬಾಳುವ ಕನ್ನಡಿಗರಿಗೆ ಇದು ಬರಿಯ ದೂರದೇಶದ ವಾರ್ತೆಯಲ್ಲವೆಂಬುದು ಮುಂದೆ ತಿಳಿದುಬಂದೀತು.

೨

ವಿಚಾರಕ್ಕೆ ತೊಡಗುವ ಮುನ್ನ ಶಬ್ದಗಳ ಅರ್ಥವನ್ನು ಗೊತ್ತುಮಾಡಿಕೊಳ್ಳುವುದು ಲೇಸು. ‘ಅಲ್ಪಸಂಖ್ಯಾತ’ ಎಂಬ ಮಾತು ತಲೆಯೆಣಿಕೆಯನ್ನು ಸೂಚಿಸುವಂತೆ ಕಂಡರೂ ಸಮಾಜಶಾಸ್ತ್ರದಲ್ಲಿ ಅದರ ಅರ್ಥ ಬೇರೆ. ಶಿಕಾಗೋ ವಿಶ್ವವಿದ್ಯಾಲಯದ ಲೂಯಿಸ್ ವರ್ತ್ ೧೯೪೫ರಲ್ಲಿ ಕೊಟ್ಟ ಲಕ್ಷಣ ಇಂದಿಗೂ ಉಪಯುಕ್ತವಾಗಿದೆ. ದೇಹದ ಅಥವಾ ಸಂಸ್ಕೃತಿಯ ಯಾವುದೋ ಗುರುತಿನ ಮೂಲಕ ಉಳಿದವರಿಂದ ಬೇರ್ಪಡಿಸಲ್ಪಟ್ಟು, ಸಮಾನವಲ್ಲದ ನಡವಳಿಕೆಗೆ ಗುರಿಯಾಗಿ, ಈ ಅನ್ಯಾಯ ತಮಗೆ ಗುಂಪಾಗಿ ಆಗುತ್ತಿದೆ ಎಂದು ತಾವೇ ಅರಿತಿರುವ ಜನವೇ ಅಲ್ಪಸಂಖ್ಯಾತರು. ಈ ಅರ್ಥದಲ್ಲಿ, ವರ್ಣಭೇದದ ಆಡಳಿತವಿದ್ದ ಕಾಲದ ದಕ್ಷಿಣ ಆಫ್ರಿಕದಲ್ಲಿ ಎಣಿಕೆಯಲ್ಲಿ ಬಹುಸಂಖ್ಯಾತರಾಗಿದ್ದ ಕರಿಯರು ಸ್ಥಿತಿಯಲ್ಲಿ ಅಲ್ಪಸಂಖ್ಯಾತರೇ ಆಗಿದ್ದರು.

‘ಉಪಸಂಸ್ಕೃತಿ’ ಎಂಬ ಮಾತಿನ ಕಥೆ ಇದಕ್ಕಿಂತ ತೊಡಕಿನದು. ೧೯೪೭ರಲ್ಲಿ ಮಿಲ್ಟನ್ ಗಾರ್ಡನ್ ಅದನ್ನು ಬಳಸಿದಾಗ ಒಂದು ರಾಷ್ಟ್ರದ ಸಂಸ್ಕೃತಿಯೊಳಗೆ ವರ್ಗ, ಮತ, ಮೂಲ, ಪ್ರದೇಶ ಇವುಗಳಿಂದ ಏರ್ಪಡುವ ಎಲ್ಲ ಒಳವಿಭಾಗಗಳನ್ನೂ ಉದ್ದೇಶಿಸಿದ್ದನು. ಅಲ್ಪಸಂಖ್ಯಾತರೂ ಅದರೊಳಗೆ ಸೇರಿದ್ದರು. ೧೯೭೦ರ ದಶಕದಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಸಂಸ್ಕೃತಿ ಅಧ್ಯಯನ ಕೇಂದ್ರದವರು ಈ ಮಾತನ್ನು ಹೆಚ್ಚಾಗಿ ವೇಷ, ಸಂಗೀತ, ನಡೆನುಡಿಗಳ ಮೂಲಕ ತಮ್ಮನ್ನು ಬೇರೆಯೆಂದು ತೋರಿಸಿಕೊಳ್ಳುವ ಯುವಜನರ ಗುಂಪುಗಳಿಗೆ ಅನ್ವಯಿಸಿದರು. ಜನರ ಬಾಯಲ್ಲಿ ಈಗ ಇರುವುದು ಈ ಎರಡನೆಯ ಅರ್ಥ. ಒಂದೇ ಶಬ್ದ ಹಿಂದೆ ಎರಡು ಬಗೆಯ ಜನರನ್ನು ಒಳಕೊಂಡಿದ್ದುದರಿಂದಲೂ ಈ ಹೋಲಿಕೆಯಲ್ಲಿ ಗೊಂದಲ ನುಸುಳಿದೆ.

ಮೂರನೆಯದು ‘ಪೂರ್ವಗ್ರಹ’. ೧೯೫೪ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಗಾರ್ಡನ್ ಆಲ್‌ಪೋರ್ಟ್ ಎಂಬ ಮನಶ್ಶಾಸ್ತ್ರಜ್ಞನು ಅದು ಕೃತಿಗಿಳಿಯುವಾಗ ಏರುವ ಐದು ಮೆಟ್ಟಿಲುಗಳನ್ನು ಹೇಳಿದ್ದಾನೆ: ಆಡಿಕೊಳ್ಳುವುದು, ದೂರವಿರುವುದು, ತಾರತಮ್ಯ ಮಾಡುವುದು, ಮೈಮೇಲೆ ಬೀಳುವುದು, ನಿರ್ಮೂಲ ಮಾಡುವುದು. ನಮ್ಮ ಪ್ರಶ್ನೆಗೆ ಈ ಏಣಿ ಬಹಳ ಸಹಾಯಕ. ಗಾಥ್ ತರುಣರು ಮೊದಲನೆಯ, ಎರಡನೆಯ, ನಾಲ್ಕನೆಯ ಮೆಟ್ಟಿಲುಗಳನ್ನು ಚೆನ್ನಾಗಿ ಬಲ್ಲರು: ಬೀದಿಯ ಹಾಸ್ಯ, ಓರೆನೋಟ, ಕೆಲವೊಮ್ಮೆ ಏಟು. ಅಲ್ಪಸಂಖ್ಯಾತರ ಬಾಳಿನ ಮೇಲೆ ಎಲ್ಲಕ್ಕಿಂತ ಭಾರವಾಗಿ ಕೂತಿರುವುದು ನಡುವಣ ಮೂರನೆಯ ಮೆಟ್ಟಿಲು. ಅಲ್ಲಿ ಗದ್ದಲವಿಲ್ಲ, ರಕ್ತವಿಲ್ಲ. ಮನೆ, ಕೆಲಸ, ಶಾಲೆ, ಠಾಣೆ, ನ್ಯಾಯಾಲಯಗಳ ಬಾಗಿಲುಗಳು ಮಾತ್ರ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತವೆ.

ಇಂಗ್ಲೆಂಡಿನ ಆ ಎರಡು ಸಾವುಗಳ ಮುಂದಿನ ಕಥೆ ಇದನ್ನೇ ತೋರಿಸುತ್ತದೆ. ಸೋಫಿಯ ಕೊಲೆಯಾದ ಒಂಬತ್ತು ತಿಂಗಳೊಳಗೆ, ೨೦೦೮ರ ಏಪ್ರಿಲ್ ಹೊತ್ತಿಗೆ, ಇಬ್ಬರಿಗೆ ಜೀವಾವಧಿ ಶಿಕ್ಷೆಯಾಯಿತು. ಇದು ದ್ವೇಷಾಪರಾಧವೆಂದು ನ್ಯಾಯಾಧೀಶರು ಪೀಠದಿಂದಲೇ ನುಡಿದರು. ಸ್ಟೀಫನ್‌ನ ಪ್ರಕರಣದಲ್ಲಿ ಸಂಶಯಿತರ ಹೆಸರುಗಳು ಕೆಲವೇ ದಿನಗಳಲ್ಲಿ ಪೊಲೀಸರಿಗೆ ಮುಟ್ಟಿದ್ದರೂ ಬಂಧನ ತಡವಾಯಿತು. ತಂದೆತಾಯಿಗಳು ತಾವಾಗಿ ಹೂಡಿದ ಮೊಕದ್ದಮೆ ೧೯೯೬ರಲ್ಲಿ ಬಿದ್ದುಹೋಯಿತು. ೧೯೯೯ರ ಫೆಬ್ರವರಿಯಲ್ಲಿ ಹೊರಬಿದ್ದ ಮ್ಯಾಕ್‌ಫರ್ಸನ್ ವರದಿ ಲಂಡನ್ ಪೊಲೀಸರಲ್ಲಿ ಸಂಸ್ಥೆಗತವಾದ ಜನಾಂಗದ್ವೇಷವಿದೆಯೆಂದು ಸಾರಿತು. ಇಬ್ಬರಿಗೆ ಶಿಕ್ಷೆಯಾದದ್ದು ೨೦೧೨ರ ಜನವರಿಯಲ್ಲಿ, ಹದಿನೆಂಟು ವರ್ಷಗಳು ಕಳೆದ ಮೇಲೆ. ಎರಡೇ ನಿದರ್ಶನಗಳಿಂದ ಸಿದ್ಧಾಂತ ಕಟ್ಟಲಾಗದು, ನಿಜ. ಆದರೆ ಇಲ್ಲಿ ಲೋಪವನ್ನು ಹೆಸರಿಟ್ಟು ಹೇಳಿದುದು ಸರಕಾರವೇ ನೇಮಿಸಿದ ವಿಚಾರಣೆ. ಎರಡು ಕುಟುಂಬಗಳ ಶೋಕ ಸಮಾನವಾಗಿದ್ದಿತು. ಆ ಶೋಕವನ್ನು ಹೊತ್ತುಕೊಂಡು ಹೋದಾಗ ರಾಜ್ಯದ ಬಾಗಿಲು ತೆರೆದುಕೊಂಡ ಬಗೆ ಸಮಾನವಾಗಿರಲಿಲ್ಲ.

೩

ಸಾಮಾನ್ಯವಾಗಿ ಈ ಎರಡನ್ನು ಬೇರ್ಪಡಿಸಲು ಮುಂದೊಡ್ಡುವ ವಾದ ಬೇರೊಂದು. ವೇಷವನ್ನು ಮನುಷ್ಯ ತಾನೇ ಆರಿಸಿಕೊಳ್ಳುತ್ತಾನೆ, ಹುಟ್ಟನ್ನು ಆರಿಸಿಕೊಳ್ಳುವುದಿಲ್ಲ. ಆದುದರಿಂದ ವೇಷಕ್ಕಾಗಿ ಬಂದ ಕಷ್ಟ ಸ್ವಯಂಕೃತ, ಎಂಬುದು ಆ ವಾದ. ಕೇಳಲು ಸರಳವಾಗಿರುವ ಈ ಮಾತು ಪರೀಕ್ಷೆಗೆ ನಿಲ್ಲುವುದಿಲ್ಲ. ಮತವನ್ನು ಬದಲಿಸಬಹುದು, ಹಾಗೆಂದು ಮತದ ಕಾರಣದಿಂದ ಪೀಡಿತನಾದವನಿಗೆ ‘ನೀನು ಮತಾಂತರ ಹೊಂದಬಹುದಾಗಿತ್ತು’ ಎಂದು ಯಾವ ನಾಗರಿಕ ಸಮಾಜವೂ ಹೇಳಲಾರದು.

ಇಂಗ್ಲೆಂಡಿನ ನ್ಯಾಯಾಲಯಗಳು ಈ ಗಡಿಯಲ್ಲಿ ತಡಕಾಡಿದ ಎರಡು ಪ್ರಸಂಗಗಳು ಗಮನಾರ್ಹ. ಬರ್ಮಿಂಗ್‌ಹ್ಯಾಮಿನ ಖಾಸಗಿ ಶಾಲೆಯೊಂದು, ಪೇಟವನ್ನು ತೆಗೆದು ಕೂದಲು ಕತ್ತರಿಸಿಕೊಂಡ ಹೊರತು ಸಿಖ್ ಬಾಲಕನೊಬ್ಬನನ್ನು ಸೇರಿಸಿಕೊಳ್ಳಲೊಲ್ಲೆನೆಂದಿತು. ೧೯೭೬ರ ಜನಾಂಗ ಸಂಬಂಧಗಳ ಶಾಸನದಲ್ಲಿ ಮತದ ಹೆಸರಿರಲಿಲ್ಲ. ಆದರೂ ೧೯೮೩ರಲ್ಲಿ ಹೌಸ್ ಆಫ್ ಲಾರ್ಡ್ಸ್, ದೀರ್ಘವಾದ ಸಮಾನ ಚರಿತ್ರೆಯೂ ತಮ್ಮದೇ ಆದ ಸಾಂಸ್ಕೃತಿಕ ಪರಂಪರೆಯೂ ಉಳ್ಳ ಸಿಖ್ಖರು ಒಂದು ಜನಾಂಗವೇ ಸರಿ ಎಂದು ತೀರ್ಮಾನಿಸಿತು. ಹತ್ತು ವರ್ಷಗಳ ಬಳಿಕ, ೧೯೯೩ರಲ್ಲಿ, ರಾಸ್ತಾಫಾರಿ ಪಂಥದವನೊಬ್ಬ ತನ್ನ ಜಡೆಗೂದಲನ್ನು ಕತ್ತರಿಸಲೊಪ್ಪದೆ ವಾಹನಚಾಲಕನ ಕೆಲಸ ದೊರೆಯದೆ ಹೋಗಿ ಅದೇ ರಕ್ಷಣೆಯನ್ನು ಬೇಡಿದಾಗ ಅಪೀಲು ನ್ಯಾಯಾಲಯ ಒಪ್ಪಲಿಲ್ಲ. ಆ ಪಂಥಕ್ಕೆ ಅರುವತ್ತು ವರ್ಷಗಳ ಚರಿತ್ರೆ ಮಾತ್ರವಿದೆ, ಅದು ಸಾಲದು ಎಂಬುದು ಕಾರಣಗಳಲ್ಲೊಂದು.

ಇಲ್ಲಿ ವಿಚಾರವಂತರು ನಿಂತು ಯೋಚಿಸಬೇಕು. ಅರುವತ್ತು ಸಾಲದಿದ್ದರೆ ಎಷ್ಟು ಸಾಕು? ಇಂದು ಪುರಾತನವೆಂದು ಪೂಜೆಗೊಳ್ಳುವ ಪ್ರತಿಯೊಂದು ಪರಂಪರೆಗೂ ಒಂದಾನೊಂದು ಕಾಲದಲ್ಲಿ ಅರುವತ್ತು ವರ್ಷವೇ ತುಂಬಿದ್ದಿತು. ೨೦೦೩ರಲ್ಲಿ ಮತವಿಶ್ವಾಸದ ಕಾರಣದಿಂದ ಉದ್ಯೋಗದಲ್ಲಿ ತಾರತಮ್ಯ ಮಾಡುವುದನ್ನು ಬ್ರಿಟನ್ನಿನಲ್ಲಿ ನಿಷೇಧಿಸಿದ ಮೇಲೆ ಇಂಥವರಿಗೆ ಬೇರೊಂದು ದಾರಿ ತೆರೆಯಿತೆಂಬುದು ನಿಜ. ಆದರೂ ಆ ಎರಡು ತೀರ್ಪುಗಳಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಪಂಥಕ್ಕೂ ಜನಾಂಗಕ್ಕೂ ನಡುವೆ ಇರುವುದು ಗೋಡೆಯಲ್ಲ, ಇಳಿಜಾರು. ಆಯ್ಕೆ ಎಂಬ ಒಂದೇ ಗೂಟವನ್ನು ನೆಟ್ಟು ಅಲ್ಲಿ ಗಡಿ ಹಾಕಲಾಗುವುದಿಲ್ಲ.

೪

ಹಾಗಾದರೆ ನಿಜವಾದ ಅಂತರ ಯಾವುದು? ವೇಷವನ್ನು ಕಳಚಿದ ಮೇಲೆ ಏನು ಉಳಿಯುತ್ತದೆಂದು ಕೇಳಿದರೆ ಅದು ಗೋಚರಿಸುತ್ತದೆ. ಚರಿತ್ರೆಯಲ್ಲಿ ಈ ಪ್ರಯೋಗ ಅಕ್ಷರಶಃ ನಡೆದುಹೋಗಿದೆ.

೧೯೪೩ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಮೆಕ್ಸಿಕೋ ಮೂಲದ ತರುಣರು ‘ಝೂಟ್ ಸೂಟ್’ ಎಂಬ ಉಡುಪನ್ನು ತೊಡುತ್ತಿದ್ದರು: ಮೊಣಕಾಲಿನವರೆಗೆ ಇಳಿಯುವ ಅಂಗಿ, ಭುಜದಲ್ಲಿ ಹತ್ತಿ ತುಂಬಿದ ಅಗಲ, ಮೇಲೆ ದೊಗಳೆಯಾಗಿ ಕೆಳಗೆ ಬಿಗಿಯಾಗಿರುವ ಷರಾಯಿ. ಯುದ್ಧಕಾಲವಾದ್ದರಿಂದ ಬಟ್ಟೆಯ ಬಳಕೆಯ ಮೇಲೆ ಸರಕಾರದ ನಿರ್ಬಂಧವಿದ್ದಿತು. ಇಷ್ಟೊಂದು ಬಟ್ಟೆಯನ್ನು ಸುತ್ತಿಕೊಂಡು ತಿರುಗುವುದು ದೇಶದ್ರೋಹವೆಂದು ಪತ್ರಿಕೆಗಳು ಬರೆದವು. ಜೂನ್ ೩ರಿಂದ ಸುಮಾರು ಒಂದು ವಾರ ನೌಕಾದಳದ ಸಿಪಾಯಿಗಳೂ ಇತರರೂ ಬೀದಿಬೀದಿಯಲ್ಲಿ, ಚಿತ್ರಮಂದಿರಗಳಲ್ಲಿ, ಟ್ರಾಮುಗಳಲ್ಲಿ ಈ ತರುಣರನ್ನು ಹುಡುಕಿ ಹೊಡೆದು, ಮೈಮೇಲಣ ಸೂಟನ್ನು ಕಿತ್ತು ಹರಿದರು. ಪೊಲೀಸರು ಬಹುಪಾಲು ಬಂಧಿಸಿದ್ದು ಏಟು ತಿಂದವರನ್ನು. ಝೂಟ್ ಸೂಟ್ ಧರಿಸುವುದನ್ನೇ ಅಪರಾಧವಾಗಿ ಮಾಡಬೇಕೆಂದು ನಗರಸಭೆ ಠರಾವು ಮಾಡಿತು.

ಮೇಲುನೋಟಕ್ಕೆ ಇದು ವೇಷದ ಮೇಲಣ ಹಗೆ. ಆದರೆ ಸೂಟು ತೊಡದಿದ್ದ ಮೆಕ್ಸಿಕನ್ ತರುಣರಿಗೂ ಏಟು ಬಿದ್ದಿತು. ಕರಿಯರಿಗೂ ಫಿಲಿಪಿನೋಗಳಿಗೂ ಬಿದ್ದಿತು. ಗವರ್ನರ್ ಅರ್ಲ್ ವಾರನ್ ನೇಮಿಸಿದ ಸಮಿತಿ ಜನಾಂಗದ್ವೇಷವೇ ಗಲಭೆಯ ಮುಖ್ಯ ಕಾರಣಗಳಲ್ಲಿ ಒಂದೆಂದು ವರದಿಮಾಡಿತು. ಸೂಟು ಹರಿದ ಮೇಲೆ ಆ ತರುಣ ಸಾಧಾರಣ ಅಮೆರಿಕನ್ ಪ್ರಜೆಯಾಗಿ ಮನೆಗೆ ಹೋಗಲಿಲ್ಲ, ಮೆಕ್ಸಿಕನ್ನನಾಗಿಯೇ ಹೋದ. ಅವನ ತಮ್ಮತಂಗಿಯರಿಗೆ ಆ ಪ್ರಾಂತದ ಅನೇಕ ಕಡೆ ಬೇರೆ ಶಾಲೆ ಕಾದಿದ್ದಿತು. ಪಕ್ಕದ ಆರೆಂಜ್ ಜಿಲ್ಲೆಯಲ್ಲಿ ಇಂಥ ಪ್ರತ್ಯೇಕ ಶಾಲೆಗಳು ಅಕ್ರಮವೆಂದು ನ್ಯಾಯಾಲಯ ಹೇಳಿದ್ದು ೧೯೪೬ರಲ್ಲಿ. ಅಪೀಲಿನಲ್ಲಿ ಆ ತೀರ್ಪು ಸ್ಥಿರಪಟ್ಟದ್ದು ೧೯೪೭ರಲ್ಲಿ.

ವೇಷವೇ ಕಾಣದಿರುವ ಕಡೆ ಏನಾಗುತ್ತದೆಂಬುದನ್ನು ಅರಿಯಲು ವಿದ್ವಾಂಸರು ಜಾಣತನದ ಒಂದು ವಿಧಾನವನ್ನು ಬಳಸಿದ್ದಾರೆ. ಅರ್ಹತೆ ಸಮಾನವಾಗಿದ್ದು ಹೆಸರು ಮಾತ್ರ ಬೇರೆಯಾಗಿರುವ ಅರ್ಜಿಗಳನ್ನು ಉದ್ಯೋಗದಾತರಿಗೆ ಕಳಿಸಿ ಯಾರಿಗೆ ಕರೆ ಬರುತ್ತದೆಂದು ಎಣಿಸುವುದು. ಬಾಸ್ಟನ್ ಮತ್ತು ಶಿಕಾಗೋ ನಗರಗಳಲ್ಲಿ ಸುಮಾರು ೫,೦೦೦ ಅರ್ಜಿಗಳಿಂದ ನಡೆಸಿ ೨೦೦೪ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಳಿಯರದೆಂದು ತೋರುವ ಹೆಸರಿಗೆ ಕರಿಯರದೆಂದು ತೋರುವ ಹೆಸರಿಗಿಂತ ಶೇಕಡಾ ೫೦ರಷ್ಟು ಹೆಚ್ಚು ಕರೆಗಳು ಬಂದವು. ಭಾರತದ ನಗರಗಳಲ್ಲಿ ಸುಖದೇವ್ ಥೋರಟ್ ಮತ್ತು ಪಾಲ್ ಆಟ್‌ವೆಲ್ ಇದೇ ವಿಧಾನವನ್ನು ಅನುಸರಿಸಿ ೨೦೦೭ರಲ್ಲಿ ಫಲವನ್ನು ಪ್ರಕಟಿಸಿದರು. ಮೇಲ್ಜಾತಿಯ ಹಿಂದೂ ಹೆಸರಿನೊಡನೆ ಹೋಲಿಸಿದರೆ ದಲಿತ ಹೆಸರಿನ ಅರ್ಜಿಗೆ ಕರೆ ಬರುವ ಸಂಭವ ಸುಮಾರು ಮೂರರಲ್ಲಿ ಎರಡು ಪಾಲು. ಮುಸ್ಲಿಮ್ ಹೆಸರಿನದಕ್ಕೆ ಸುಮಾರು ಮೂರರಲ್ಲಿ ಒಂದು ಪಾಲು. ಅರ್ಜಿಯ ಕಾಗದದ ಮೇಲೆ ಉಡುಪಿಲ್ಲ, ಕೇಶಾಲಂಕಾರವಿಲ್ಲ. ಗಾಥ್ ತರುಣನ ಅರ್ಜಿ ಈ ಬಾಗಿಲನ್ನು ತಡೆಯಿಲ್ಲದೆ ದಾಟುತ್ತದೆ. ಸಂದರ್ಶನದ ದಿನ ಅವನು ಬೇರೆ ಅಂಗಿ ತೊಟ್ಟರೆ ಎರಡನೆಯದನ್ನೂ ದಾಟಿಯಾನು. ಹೆಸರಿನಲ್ಲಿಯೇ ಸಿಕ್ಕಿಬಿದ್ದವನಿಗೆ ಮೊದಲನೆಯ ಬಾಗಿಲೇ ತೆರೆಯುವುದಿಲ್ಲ.

ಇದರ ಜೊತೆಗೆ ಕಾಲದ ಲೆಕ್ಕವೂ ಇದೆ. ಗಾಥ್ ತರುಣನ ಕಷ್ಟ ಅವನೊಡನೆ ಮೊದಲಾಗಿ ಅವನೊಡನೆ ಮುಗಿಯುತ್ತದೆ. ಅಲ್ಪಸಂಖ್ಯಾತನಿಗೆ ತಂದೆಗೆ ಸಿಗದ ಕೆಲಸ ಮಗನಿಗೆ ಸಿಗದ ಶಾಲೆಯಾಗುತ್ತದೆ, ಮಗನಿಗೆ ಸಿಗದ ಶಾಲೆ ಮೊಮ್ಮಗನಿಗೆ ಸಿಗದ ಮನೆಯಾಗುತ್ತದೆ. ಮೊದಲನೆಯದು ಅಸಲು ಮಾತ್ರದ ನಷ್ಟ. ಎರಡನೆಯದು ಚಕ್ರಬಡ್ಡಿಯಲ್ಲಿ ಬೆಳೆಯುವ ಸಾಲ.

೫

ಭಾರತದಲ್ಲಿಯೂ ಈ ಎರಡು ಬಗೆಯ ಹಗೆಗಳು ಹೆಣೆದುಕೊಂಡೇ ಕಾಣಿಸುತ್ತವೆ. ೨೦೧೪ರ ಜನವರಿ ೨೯ರಂದು ದೆಹಲಿಯ ಲಾಜಪತ ನಗರದಲ್ಲಿ ಅರುಣಾಚಲ ಪ್ರದೇಶದ ನೀಡೋ ತಾನಿಯಾ ಎಂಬ ವಿದ್ಯಾರ್ಥಿಯ ಬಣ್ಣ ಹಚ್ಚಿದ ಕೂದಲನ್ನೂ ಮುಖದ ಚಹರೆಯನ್ನೂ ಅಂಗಡಿಯವರು ಹಾಸ್ಯಮಾಡಿದರು. ಮಾತಿಗೆ ಮಾತು ಬೆಳೆದು ಹೊಡೆತಕ್ಕೆ ಬಂದಿತು. ಮರುದಿನ ಆ ತರುಣ ಸತ್ತನು. ಕೂದಲು ಮಾತ್ರ ಕಾರಣವಾಗಿದ್ದರೆ ಅದು ವೇಷದ ಹಗೆ ಎನ್ನಬಹುದಾಗಿತ್ತು. ಆದರೆ ಅಂಥದೇ ಕೂದಲಿನ ದೆಹಲಿಯ ಹುಡುಗನನ್ನು ಯಾರೂ ಪರದೇಶಿಯೆಂದು ಕರೆಯುವುದಿಲ್ಲ. ಅದೇ ವರ್ಷ ಕೇಂದ್ರ ಗೃಹಖಾತೆ ನೇಮಿಸಿದ ಬೆಜ್‌ಬರೂವಾ ಸಮಿತಿ, ಈಶಾನ್ಯದ ಜನರಿಗೆ ಮಹಾನಗರಗಳಲ್ಲಿ ಆಗುವ ಅವಮಾನಗಳನ್ನು ವಿಚಾರಿಸಿ, ದಂಡಸಂಹಿತೆಯಲ್ಲಿ ಹೊಸ ಕಲಮುಗಳನ್ನು ಸೇರಿಸಬೇಕೆಂದು ಸಲಹೆಮಾಡಿತು.

ಮುಂಬಯಿಯ ಹಿರಿಯ ಕನ್ನಡಿಗರ ನೆನಪಿನಲ್ಲಿ ಇದಕ್ಕೆ ಸಮೀಪದ ಒಂದು ಅಧ್ಯಾಯವಿದೆ. ೧೯೬೬ರಲ್ಲಿ ಶಿವಸೇನೆ ಸ್ಥಾಪಿತವಾದ ಆಸುಪಾಸಿನ ವರ್ಷಗಳಲ್ಲಿ ದಕ್ಷಿಣದವರೆಲ್ಲರನ್ನು ಹೀಯಾಳಿಸುವುದಕ್ಕೆ ‘ಲುಂಗಿ’ ಎಂಬ ಉಡುಪಿನ ಹೆಸರು ಸಾಕಾಗಿತ್ತು. ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದವು. ಅವರ ಸಿಟ್ಟು ಲುಂಗಿಯ ಮೇಲೆ ಮಾತ್ರ ಇದ್ದುದಾದರೆ ಷರಾಯಿ ತೊಟ್ಟು ಕಚೇರಿಗೆ ಹೋಗುತ್ತಿದ್ದ ಗುಮಾಸ್ತನಿಗೆ ಭಯವಿರಬೇಕಾದುದಿರಲಿಲ್ಲ. ಆದರೆ ಆಗ ‘ಮಾರ್ಮಿಕ’ ವಾರಪತ್ರಿಕೆ ಅಚ್ಚುಹಾಕಿದ್ದು ದೊಡ್ಡ ದೊಡ್ಡ ಕಚೇರಿಗಳಲ್ಲಿದ್ದ ಹೊರಪ್ರಾಂತದವರ ಹೆಸರುಗಳ ಪಟ್ಟಿಯನ್ನು. ಉಡುಪು ಗುರಿಹಿಡಿಯುವ ಗುರುತಾಗಿತ್ತು. ಗುರಿ ಮಾತ್ರ ನುಡಿ ಮತ್ತು ನೌಕರಿ.

ಇಲ್ಲಿಗೆ ಮಾತನ್ನು ನಿಲ್ಲಿಸಿದರೆ ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ. ೨೦೧೨ರ ಆಗಸ್ಟಿನಲ್ಲಿ ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಗಂಟುಮೂಟೆ ಕಟ್ಟಿಕೊಂಡು ಗುವಾಹಾಟಿಯ ರೈಲು ಹತ್ತಿದ್ದು ಬೆಂಗಳೂರಿನ ನಿಲ್ದಾಣದಲ್ಲಿ. ವದಂತಿ ಎಲ್ಲಿ ಹುಟ್ಟಿದ್ದಾದರೂ ಆಗಲಿ, ಆ ಜನರಿಗೆ ನೆರೆಹೊರೆಯ ಭರವಸೆ ಸಾಕಾಗಲಿಲ್ಲವೆಂಬುದು ಉಳಿಯುವ ಸಂಗತಿ. ಒಂದು ನಗರದಲ್ಲಿ ಅಲ್ಪಸಂಖ್ಯಾತನಾದ ಕನ್ನಡಿಗ ಇನ್ನೊಂದು ನಗರದಲ್ಲಿ ಬಹುಸಂಖ್ಯಾತ. ಅಳತೆಗೋಲು ಎರಡು ಕಡೆಯೂ ಒಂದೇ ಆಗಿರಬೇಕು.

೬

ಇನ್ನು ಶಾಸನದ ಮಾತು. ಇಂಗ್ಲೆಂಡಿನಲ್ಲಿ ಹಗೆಯ ಕಾರಣದಿಂದ ಶಿಕ್ಷೆಯನ್ನು ಹೆಚ್ಚಿಸುವ ಕಾನೂನು ಜನಾಂಗ, ಮತ, ಅಂಗವಿಕಲತೆ, ಲೈಂಗಿಕ ಒಲವು, ಲಿಂಗಾಂತರ ಎಂಬ ಐದು ಗುರುತುಗಳನ್ನು ಪಟ್ಟಿಮಾಡಿತ್ತು. ೨೦೧೩ರ ಏಪ್ರಿಲಿನಲ್ಲಿ ಗ್ರೇಟರ್ ಮ್ಯಾಂಚೆಸ್ಟರಿನ ಪೊಲೀಸರು ಗಾಥ್, ಪಂಕ್ ಮೊದಲಾದ ಪಂಥದವರ ಮೇಲಣ ಹಲ್ಲೆಗಳನ್ನೂ ದ್ವೇಷಾಪರಾಧವಾಗಿ ದಾಖಲಿಸತೊಡಗಿದರು. ಕಾನೂನಿನ ಪಟ್ಟಿ ಅದರಿಂದ ಬದಲಾಗಲಿಲ್ಲ. ಪಟ್ಟಿಗಿಂತ ವ್ಯಕ್ತಿಯ ಭಿನ್ನತೆಯನ್ನೂ ಅಪಾಯವನ್ನೂ ನೋಡಬೇಕೆಂದು ನೀಲ್ ಚಕ್ರವರ್ತಿ ಮತ್ತು ಜಾನ್ ಗಾರ್ಲಂಡ್ ಎಂಬ ವಿದ್ವಾಂಸರು ೨೦೧೨ರಲ್ಲಿಯೇ ವಾದಿಸಿದ್ದರು. ಅಲ್ಲಿಯ ಕಾನೂನು ಆಯೋಗ ಈ ವಿಷಯವನ್ನು ಪರಿಶೀಲಿಸಿ, ೨೦೨೧ರ ಡಿಸೆಂಬರಿನ ವರದಿಯಲ್ಲಿ, ಯುವಪಂಥಗಳನ್ನು ಪಟ್ಟಿಗೆ ಸೇರಿಸಲು ಶಿಫಾರಸು ಮಾಡಲಿಲ್ಲ.

ಭಾರತ ಬೇರೊಂದು ದಾರಿ ಹಿಡಿದಿದೆ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೧೦೩ನೆಯ ಕಲಮಿನ ಎರಡನೆಯ ಭಾಗ, ಐವರು ಅಥವಾ ಹೆಚ್ಚು ಜನ ಕೂಡಿ ಜನಾಂಗ, ಜಾತಿ, ಸಮುದಾಯ, ಲಿಂಗ, ಜನ್ಮಸ್ಥಳ, ಭಾಷೆ, ವೈಯಕ್ತಿಕ ನಂಬಿಕೆ ‘ಅಥವಾ ಅಂಥದೇ ಇತರ ಕಾರಣ’ದಿಂದ ಮಾಡುವ ಕೊಲೆಯನ್ನು ಪ್ರತ್ಯೇಕವಾಗಿ ಹೆಸರಿಸುತ್ತದೆ. ಕೊನೆಯ ಆ ಮಾತು ತೆರೆದ ಬಾಗಿಲು. ವೇಷಕ್ಕಾಗಿ ಕೊಲೆಯಾದವನೂ ಅದರೊಳಗೆ ಬರುವನೆಂದು ವಾದಿಸಲು ಅಲ್ಲಿ ಅವಕಾಶವಿದೆ, ಬರಬೇಕಾದುದೂ ನ್ಯಾಯವೇ. ಏಟು ಬೀಳುವಾಗ ಮೈ ತನ್ನ ಗುರುತನ್ನು ಆರಿಸಿಕೊಂಡದ್ದೋ ಪಡೆದುಬಂದದ್ದೋ ಎಂದು ಕೇಳುವುದಿಲ್ಲ.

ಆದರೆ ಸಂವಿಧಾನ ಇನ್ನೊಂದು ಲೆಕ್ಕವನ್ನು ಬೇರೆಯಾಗಿ ಇಟ್ಟಿದೆ. ೨೯ನೆಯ ಅನುಚ್ಛೇದದ ಪ್ರಕಾರ ತಮ್ಮದೇ ಆದ ಭಾಷೆ, ಲಿಪಿ ಅಥವಾ ಸಂಸ್ಕೃತಿಯುಳ್ಳ ನಾಗರಿಕರ ಯಾವುದೇ ವಿಭಾಗಕ್ಕೂ ಅದನ್ನು ಉಳಿಸಿಕೊಳ್ಳುವ ಹಕ್ಕಿದೆ. ೩೦ನೆಯ ಅನುಚ್ಛೇದವಾದರೋ ಶಿಕ್ಷಣಸಂಸ್ಥೆಗಳನ್ನು ಕಟ್ಟಿ ನಡೆಸುವ ಹಕ್ಕನ್ನು ಮತ ಮತ್ತು ಭಾಷೆಯ ಅಲ್ಪಸಂಖ್ಯಾತರಿಗೆ ಕೊಡುತ್ತದೆ. ಮಣಿಪಾಲದ ಟಿ. ಎಂ. ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ೨೦೦೨ರಲ್ಲಿ ಸರ್ವೋಚ್ಚ ನ್ಯಾಯಾಲಯದ ಹನ್ನೊಂದು ನ್ಯಾಯಾಧೀಶರ ಪೀಠ, ಯಾರು ಅಲ್ಪಸಂಖ್ಯಾತರೆಂಬುದನ್ನು ರಾಜ್ಯವನ್ನು ಘಟಕವಾಗಿಟ್ಟು ಅಳೆಯಬೇಕೆಂದಿತು. ಹೊರನಾಡಿನ ಕನ್ನಡ ಶಾಲೆಗಳ ಹಕ್ಕು ನಿಂತಿರುವುದು ಈ ನೆಲೆಯ ಮೇಲೆ. ಅದು ಯಾರೋ ಹೊಡೆದುದಕ್ಕೆ ಕೊಟ್ಟ ಪರಿಹಾರವಲ್ಲ. ಯಾರೂ ಹೊಡೆಯದಿದ್ದರೂ ಮೂರು ತಲೆಮಾರುಗಳಲ್ಲಿ ಕರಗಿಹೋಗಬಹುದಾದ ಒಂದು ನುಡಿಗೆ ಕೊಟ್ಟ ಆಸರೆ.

ಆದುದರಿಂದ ಎರಡು ಹಗೆಗಳಿಗೆ ಎರಡು ಲೆಕ್ಕಗಳು ಬೇಕು. ಮೈಮೇಲೆ ಬಿದ್ದ ಏಟಿನ ಲೆಕ್ಕದಲ್ಲಿ ಸೋಫಿಯೂ ಸ್ಟೀಫನ್ನನೂ ಸಮಾನರು; ಅಲ್ಲಿ ತರತಮ ಮಾಡುವುದು ಕ್ರೌರ್ಯ. ಮುಚ್ಚಿದ ಬಾಗಿಲುಗಳ ಲೆಕ್ಕದಲ್ಲಿ ಅವರು ಸಮಾನರಲ್ಲ. ಅಲ್ಲಿ ಎರಡನ್ನೂ ಒಂದೇ ಎನ್ನುವುದು ತಲೆಮಾರುಗಳ ಸಾಲವನ್ನು ಒಂದು ಗೆರೆ ಎಳೆದು ಅಳಿಸಿದಂತೆ. ಬೀದಿಯಲ್ಲಿ ಕಪ್ಪಂಗಿ ತೊಟ್ಟು ಹೋಗುವ ತರುಣನಿಗೆ ಬೇಕಾದುದು ನಿರ್ಭಯ. ಆ ನಿರ್ಭಯ ಅಲ್ಪಸಂಖ್ಯಾತನಿಗೂ ಬೇಕು. ಅದು ದೊರೆತ ಮೇಲೆಯೂ ಅವನಿಗೆ ಬರಬೇಕಾದುದು ಬಾಕಿ ಇದ್ದೇ ಇರುತ್ತದೆ.